ಶಿಕ್ಷಕಿಯಾಗಿದ್ದ ಅಮ್ಮನ ಬದುಕನ್ನು ಬರೆಯುವಾಗ, ಅಕ್ಕನನ್ನು ಶಾಲೆ ಬಿಡಿಸಿದ ವರ್ಷವನ್ನೂ ಬರೆಯಬೇಕೇ?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮ ಕಳೆದ ತಿಂಗಳು ತೀರಿಕೊಂಡರು. ದಾಖಲೆಯ ಪ್ರಕಾರ ಅವರು ಹುಟ್ಟಿದ್ದು 1934ರ ಜೂನ್ 1ರಂದು. ಆದರೆ ಅಜ್ಜಿ ಹೇಳುತ್ತಿದ್ದುದು ಬೇರೆ: ಕಣದಲ್ಲಿ ರಾಗಿ ಮೆದೆ ಬಿಚ್ಚಿ, ಕಲ್ಲಿನ ಗುಂಡು ಉರುಳಿಸಿ ಒಕ್ಕಣೆ ಮಾಡುತ್ತಿದ್ದ ದಿನಗಳಲ್ಲಿ ಅಮ್ಮ ಹುಟ್ಟಿದರಂತೆ. ಆ ಲೆಕ್ಕದಲ್ಲಿ ಅದು ಜನವರಿಯೋ ಫೆಬ್ರವರಿಯೋ ಆಗಿರಬೇಕು.

ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆರು ಎಕರೆ ಬೆದ್ದಲು ಮತ್ತು ಮೂವತ್ತು ತೆಂಗಿನ ಮರಗಳಿದ್ದ ಮನೆಯಲ್ಲಿ ಅವರು ಬೆಳೆದರು. ಗುಡಿಯ ಜಗಲಿಯ ಮೇಲೆ ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಮಜ್ಜಿಗೆ ಕೊಟ್ಟು ಬರಲು ಹೋಗುತ್ತಿದ್ದ ಹುಡುಗಿ ಒಂದು ದಿನ ಹಿಂದಿರುಗದೆ ಅಲ್ಲೇ ಕುಳಿತುಬಿಟ್ಟಳಂತೆ. ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ ಪಾಸು ಮಾಡಿ, ತರಬೇತಿ ಮುಗಿಸಿ, 1954ರಲ್ಲಿ ಕೆಲಸಕ್ಕೆ ಸೇರಿದರು. ಎಂಟು ಊರುಗಳ ಶಾಲೆಗಳಲ್ಲಿ ಪಾಠ ಹೇಳಿ 1992ರಲ್ಲಿ ನಿವೃತ್ತರಾದರು. ನಾವು ನಾಲ್ವರು ಮಕ್ಕಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರಾಗಿ ಬೀಸಿ, ಮುದ್ದೆ ತಿರುವಿ, ನಮಗೆಲ್ಲ ತಲೆ ಬಾಚಿ, ಎರಡೂವರೆ ಮೈಲಿ ನಡೆದು ಶಾಲೆ ಸೇರುತ್ತಿದ್ದ ಅಮ್ಮ ಒಂದು ದಿನವೂ ತಡವಾಗಿ ಹೋದದ್ದನ್ನು ನಾನು ನೋಡಿಲ್ಲ.

ವರ್ಷದ ಕಾರ್ಯದ ಹೊತ್ತಿಗೆ ಚಿಕ್ಕದೊಂದು ನೆನಪಿನ ಪುಸ್ತಿಕೆ ತರಬೇಕೆಂದು ನಾವು ನಿರ್ಧರಿಸಿದ್ದೇವೆ. ಅಲ್ಲಿಯೇ ತೊಡಕು ಎದುರಾಗಿದೆ. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿ ಎಂದು ಮನೆಮನೆಗೂ ಹೊಲಹೊಲಕ್ಕೂ ಹೋಗಿ ಬೇಡಿಕೊಳ್ಳುತ್ತಿದ್ದ ಅಮ್ಮ, 1966ರಲ್ಲಿ ನನ್ನ ಅಕ್ಕನನ್ನು ಒಂದು ವರ್ಷ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದರು. ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ಆ ವರ್ಷ ತೀರಿಕೊಂಡಿದ್ದರು ಮತ್ತು ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ಅಕ್ಕ ಆಗ ನಾಲ್ಕನೇ ತರಗತಿ. ತಮ್ಮ ಇದನ್ನು ಬರೆಯುವುದು ಬೇಡವೆನ್ನುತ್ತಾನೆ. ಬರೆಯದಿದ್ದರೆ ಅದು ಅಮ್ಮನ ಬದುಕೇ ಆಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ತಮ್ಮ ಹೆತ್ತವರ ಬಗ್ಗೆ ಹೀಗೆ ಬರೆದವರು ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ.

ಮಲೆನಾಡಿನವಳು

ಅಮ್ಮನಿಗೆ ನನ್ನ ನಮನಗಳು. ಬರೆಯಬೇಡಿ ಅಕ್ಕಾ. ನೆನಪಿನ ಪುಸ್ತಿಕೆಯನ್ನು ಓದುವವರು ನೆಂಟರಿಷ್ಟರು, ಊರಿನವರು ಮತ್ತು ಹಳೆಯ ವಿದ್ಯಾರ್ಥಿಗಳು. ಅವರ ಕೈಗೆ ಮನೆಯೊಳಗಿನ ಕಷ್ಟವನ್ನು ಕೊಟ್ಟರೆ ನಾಲ್ಕು ಮಂದಿ ನಾಲ್ಕು ಬಗೆಯಲ್ಲಿ ಮಾತನಾಡುತ್ತಾರೆ. ಅಮ್ಮ ತ್ಯಾಗಮಯಿಯಾಗಿ ಬಾಳಿದರು, ಅಷ್ಟು ಸಾಕು.

ಹಾವೇರಿಯಿಂದ

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. "ತ್ಯಾಗಮಯಿ" ಎಂಬ ಪದವನ್ನು ನಾನು ಕನಿಷ್ಠ ಇಪ್ಪತ್ತು ನೆನಪಿನ ಪುಸ್ತಿಕೆಗಳಲ್ಲಿ ಓದಿದ್ದೇನೆ, ಆದರೆ ಆ ಇಪ್ಪತ್ತರಲ್ಲಿ ಒಬ್ಬ ತಾಯಿಯ ಮುಖವೂ ಈಗ ನನಗೆ ನೆನಪಿಲ್ಲ. ನೀವು ಬರೆದಿರುವ "ಎರಡೂವರೆ ಮೈಲಿ" ಎಂಬುದನ್ನು ಮಾತ್ರ ನಾನು ಮರೆಯುವುದಿಲ್ಲ.

ನಮ್ಮ ಕಡೆ ಶಿಕ್ಷಕಿಯರನ್ನು "ಅಕ್ಕೋರು" ಎಂದು ಕರೆಯುತ್ತಿದ್ದೆವು. ನಮ್ಮೂರಿನ ಅಕ್ಕೋರು ಮುಲ್ಕಿ ಪರೀಕ್ಷೆ ಪಾಸಾದವರು. ನಾವು ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಪರೀಕ್ಷೆ ಅದು, ನಿಮ್ಮ ಎಲ್.ಎಸ್. ಇದ್ದ ಹಾಗೆ. ಅವರು ತಮ್ಮ ಮಗುವನ್ನು ಶಾಲೆಗೇ ಕರೆತಂದು ಒಳಗಿನ ತೊಲೆಗೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದರು, ಅಳುವಾಗ ತೂಗುವ ಸರದಿ ನಮ್ಮದಾಗಿತ್ತು. ನಿಮ್ಮ ಅಮ್ಮ ಹಾಗೇಕೆ ಮಾಡಲಿಲ್ಲ?

ತಿಪಟೂರಿನ ಮಗಳು

ಹಾವೇರಿಯವರೇ, ಅಮ್ಮ ನನ್ನನ್ನೂ ನನ್ನ ಅಣ್ಣನನ್ನೂ ಜೋಲಿಯಲ್ಲೇ ಬೆಳೆಸಿದ್ದರು. 1966ರ ಹೊತ್ತಿಗೆ ಅವರು ಬೇರೆ ಊರಿನ ಶಾಲೆಗೆ ವರ್ಗವಾಗಿದ್ದರು. ಪರಿಶೀಲನೆಗೆ ಬಂದ ಒಬ್ಬ ಅಧಿಕಾರಿ, ಶಾಲೆಯಲ್ಲಿ ಸ್ವಂತ ಮಗುವನ್ನು ಇಟ್ಟುಕೊಂಡರೆ ಮೇಲಕ್ಕೆ ಬರೆಯಬೇಕಾಗುತ್ತದೆ ಎಂದು ಹೆದರಿಸಿ ಹೋಗಿದ್ದರು. ಹೆರಿಗೆ ರಜೆ ಮುಗಿದಿತ್ತು. ಅಪ್ಪ ಅರಸೀಕೆರೆಯಲ್ಲಿ ಕೆಲಸದಲ್ಲಿದ್ದು ಶನಿವಾರ ಸಂಜೆ ಮಾತ್ರ ಬರುತ್ತಿದ್ದರು.

ನಿವೃತ್ತ ಮುಖ್ಯಶಿಕ್ಷಕ

ತಂಗೀ, ಮೊದಲು ಆ ಜೂನ್ 1ರ ಬಗ್ಗೆ ಒಂದು ಮಾತು ಹೇಳುತ್ತೇನೆ. ನಾನು 34 ವರ್ಷ ಶಾಲೆಯಲ್ಲಿದ್ದವನು, ಅಂಥ ಹುಟ್ಟಿದ ದಿನಾಂಕಗಳನ್ನು ನನ್ನ ಕೈಯಾರೆ ನೂರಾರು ಮಕ್ಕಳಿಗೆ ಬರೆದಿದ್ದೇನೆ. ತಂದೆತಾಯಿಗಳನ್ನು ಕೇಳಿದರೆ "ಗಾಂಧಿ ಸತ್ತ ವರ್ಷ" ಎನ್ನುವರು, "ಕೆರೆ ಕೋಡಿ ಬಿದ್ದ ವರ್ಷ" ಎನ್ನುವರು. ಶಾಲೆಗೆ ಸೇರುವ ವಯಸ್ಸಿಗೆ ಹೊಂದುವಂತೆ ಲೆಕ್ಕ ಹಾಕಿ ಶಾಲೆ ಆರಂಭವಾಗುವ ತಿಂಗಳಿನ ಒಂದು ದಿನಾಂಕವನ್ನು ಬರೆದುಬಿಡುತ್ತಿದ್ದೆವು. ಮುಂದೆ ಅದೇ ಅವರ ನೌಕರಿಗೂ ನಿವೃತ್ತಿಗೂ ಪಿಂಚಣಿಗೂ ಆಧಾರವಾಗುತ್ತದೆ ಎಂದು ಆಗ ನಾವು ಯೋಚಿಸಲೇ ಇಲ್ಲ. ಪುಸ್ತಿಕೆಯಲ್ಲಿ ಎರಡನ್ನೂ ಬರೆಯಿರಿ: ದಾಖಲೆಯ ದಿನಾಂಕವನ್ನು, ಜೊತೆಗೆ ಕಣದ ಕಥೆಯನ್ನು.

ಎರಡನೆಯದಾಗಿ, ನಿಮ್ಮ ಅಮ್ಮ ಕೆಲಸಕ್ಕೆ ಸೇರಿದ ಕಾಲವನ್ನು ಇಂದಿನವರಿಗೆ ಅರ್ಥ ಮಾಡಿಸಬೇಕು. 1951ರ ಜನಗಣತಿಯಲ್ಲಿ ಇಡೀ ದೇಶದ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಅಂತಹ ಕಾಲದಲ್ಲಿ ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳು ಪರವೂರಿಗೆ ಹೋಗಿ, ಬಾಡಿಗೆ ಮನೆ ಸಿಗದೆ, ಊರ ಗೌಡರ ಮನೆಯ ನಡುಮನೆಯಲ್ಲಿ ಮಲಗೆದ್ದು ಪಾಠ ಹೇಳುವುದೆಂದರೆ ಅದು ಸಾಮಾನ್ಯ ಧೈರ್ಯವಲ್ಲ.

ಹಳೆಯ ವಿದ್ಯಾರ್ಥಿ

ನಿಮ್ಮ ಅಮ್ಮ ನನಗೆ ಪಾಠ ಹೇಳಿದವರಲ್ಲ, ಆದರೂ ಓದುತ್ತಾ ನನ್ನ ಟೀಚರನ್ನು ನೆನೆದು ಕಣ್ಣು ತುಂಬಿತು. ಶಾಲೆಯಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಕೇರ್ ಸಂಸ್ಥೆಯ ಉಪ್ಪಿಟ್ಟಿನ ಬಗ್ಗೆ ಬರೆಯಲು ಮರೆಯಬೇಡಿ. ಅಮೆರಿಕದಿಂದ ಬರುತ್ತಿದ್ದ ಹಳದಿ ಹಿಟ್ಟು, ಹಾಲಿನ ಪುಡಿ ಮತ್ತು ಎಣ್ಣೆಯ ಡಬ್ಬಗಳನ್ನು ಕಾಯುವುದೂ, ಸೌದೆ ಒಲೆಯ ಮುಂದೆ ಕುಳಿತು ಬೇಯಿಸುವುದೂ, ಲೆಕ್ಕ ಬರೆಯುವುದೂ ಆಗ ಶಿಕ್ಷಕರ ಕೆಲಸವೇ ಆಗಿತ್ತು. ಈಗಿನ ಅಕ್ಷರ ದಾಸೋಹಕ್ಕೆ ಅಡುಗೆಯವರಿದ್ದಾರೆ. ಆಗ ನಮ್ಮ ಟೀಚರ್ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮಗ್ಗಿ ಪುಸ್ತಕ ಹಿಡಿದು ನಿಂತಿರುತ್ತಿದ್ದರು.

ಯುವ ಶಿಕ್ಷಕಿ

ಒಂದು ಪ್ರಶ್ನೆ. ಆಗಿನ ಏಕೋಪಾಧ್ಯಾಯ ಶಾಲೆಗಳಲ್ಲಿ ಒಬ್ಬರೇ ನಾಲ್ಕು ತರಗತಿಗಳಿಗೆ ಹೇಗೆ ಪಾಠ ಹೇಳುತ್ತಿದ್ದರು? ನಾನು ಈಗ ನಲಿಕಲಿ ತರಗತಿ, ಅಂದರೆ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು ಆಡುತ್ತಾ ಕಲಿಯುವ ತರಗತಿ ನಡೆಸುತ್ತೇನೆ. ಕಾರ್ಡುಗಳು, ತಟ್ಟೆಗಳು, ಕಲಿಕಾ ಏಣಿ ಎಲ್ಲವೂ ಇದ್ದರೂ ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವಷ್ಟರಲ್ಲಿ ಸುಸ್ತಾಗುತ್ತೇನೆ.

ತಿಪಟೂರಿನ ಮಗಳು

ನಾನು ಅದೇ ಕೋಣೆಯಲ್ಲಿ ಕುಳಿತು ಕಲಿತವಳಾದ್ದರಿಂದ ಹೇಳಬಲ್ಲೆ. ಒಂದನೇ ತರಗತಿಯವರು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ನಾಲ್ಕನೆಯವರಲ್ಲಿ ಒಬ್ಬರು ಅವರ ಪಕ್ಕ ಕುಳಿತು ತಿದ್ದಿಸಬೇಕು. ಎರಡನೆಯವರು ಗೋಡೆಯ ಕಡೆ ಮುಖ ಮಾಡಿ ಕಾಪಿ ಬರೆಯಬೇಕು. ಆ ಹೊತ್ತಿನಲ್ಲಿ ಅಮ್ಮ ಮೂರನೆಯವರಿಗೆ ಲೆಕ್ಕ ಹೇಳುತ್ತಿದ್ದರು.

ಲೆಕ್ಕವೆಲ್ಲ ಹೊಲದ್ದೇ. ನಮ್ಮ ಕಡೆ ರಾಗಿಯ ನಡುವೆ ಅವರೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಬಿಡುತ್ತಾರೆ. "ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎಂದರೆ, ಎಪ್ಪತ್ತೆರಡು ಸಾಲು ರಾಗಿಗೆ ಅವರೆ ಎಷ್ಟು?" ಎಂದು ಕೇಳಿದರೆ, ಮಗ್ಗಿ ಬಾರದ ಹುಡುಗನೂ ಕಣ್ಣು ಮುಚ್ಚಿ ತನ್ನ ಹೊಲವನ್ನು ನೆನೆದು ಉತ್ತರ ಹೇಳುತ್ತಿದ್ದ. ಕೊಬ್ಬರಿಯದೂ ಹಾಗೆಯೇ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪನ್ನು ಬಿಡುತ್ತದೆ, ಕಿವಿಯ ಬಳಿ ಅಲುಗಾಡಿಸಿದರೆ ಗಡಗಡ ಎನ್ನುತ್ತದೆ. ಅಮ್ಮ ಒಂದು ಒಣಗಿದ ಕಾಯನ್ನೂ ಒಂದು ಹಸಿ ಕಾಯನ್ನೂ ತಂದು ಮಕ್ಕಳ ಕಿವಿಗೆ ಹಿಡಿದು ವಿಜ್ಞಾನದ ಪಾಠ ಮಾಡುತ್ತಿದ್ದರು.

ಯುವ ಶಿಕ್ಷಕಿ

ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವುದು, ಸುತ್ತಲಿನ ವಸ್ತುವಿನಿಂದ ಪಾಠ ಆರಂಭಿಸುವುದು, ಇವೆಲ್ಲವನ್ನೂ ನಮಗೆ ತರಬೇತಿಯಲ್ಲಿ ಹೊಸ ವಿಧಾನವೆಂದು ಹೇಳಿಕೊಟ್ಟರು. ನಲಿಕಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದದ್ದು 1995ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ನಿಮ್ಮ ಅಮ್ಮ ನಿವೃತ್ತರಾಗಿದ್ದರು. ದಯವಿಟ್ಟು ಆ ಅಕ್ಕಡಿ ಸಾಲಿನ ಲೆಕ್ಕವನ್ನು ಪೂರ್ತಿಯಾಗಿ ಬರೆಯಿರಿ, ನಾಳೆ ನನ್ನ ತರಗತಿಯಲ್ಲಿ ಕೇಳುತ್ತೇನೆ.

ನಿವೃತ್ತ ಮುಖ್ಯಶಿಕ್ಷಕ

ಹಾಗೆಂದು ಎಲ್ಲವನ್ನೂ ಹಳಬರೇ ಮಾಡಿದ್ದರು ಎಂದು ಹೇಳಿಬಿಡುವುದು ಸರಿಯಲ್ಲ, ಮಗಳೇ. ನಮ್ಮ ಕಾಲದಲ್ಲಿ ಬೆತ್ತವೂ ಇತ್ತು. ಹೆದರಿ ಶಾಲೆ ಬಿಟ್ಟ ಮಕ್ಕಳೂ ಇದ್ದರು. ನಲಿಕಲಿ ಆ ಹೆದರಿಕೆಯನ್ನು ತೆಗೆಯಿತು, ಅದು ಸಣ್ಣ ವಿಷಯವಲ್ಲ.

ತಿಪಟೂರಿನ ಮಗಳು

ಹೌದು ಸರ್. ಅಮ್ಮನ ಬಳಿಯೂ ಹುಣಸೆ ಬರಲು ಇತ್ತು. ಹೆಚ್ಚು ಏಟು ತಿಂದವಳು ನಾನೇ. ಸ್ವಂತ ಮಗಳಿಗೆ ರಿಯಾಯಿತಿ ತೋರಿಸಿದರು ಎಂದು ಊರು ಹೇಳಬಾರದೆಂದು ಬೇರೆಯವರಿಗೆ ಒಂದು ಬಿದ್ದರೆ ನನಗೆ ಎರಡು ಬೀಳುತ್ತಿದ್ದವು. ಶಾಲೆಯಲ್ಲಿ "ಅಮ್ಮ" ಎಂದು ಕರೆಯುವಂತಿರಲಿಲ್ಲ, "ಟೀಚರ್" ಎನ್ನಬೇಕಿತ್ತು. ರಾತ್ರಿ ನಿದ್ದೆ ಹತ್ತಿತೆಂದು ತಿಳಿದು, ಏಟು ಬಿದ್ದ ಅಂಗೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ನಾನು ಎಚ್ಚರವಾಗಿದ್ದೂ ಕಣ್ಣು ತೆರೆಯುತ್ತಿರಲಿಲ್ಲ.

ಕಾನೂನು ಓದಿದವನು

ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಆರು ಎಕರೆ ಜಮೀನಿನಲ್ಲಿ ಅಮ್ಮನಿಗೆ ಪಾಲು ಬಂತೇ? ಹೊಲದಲ್ಲಿ ಕಳೆ ಕಿತ್ತು ಬೆಳೆದ ಹೆಣ್ಣುಮಗಳ ಬದುಕನ್ನು ಬರೆಯುವಾಗ ಹೊಲ ಯಾರಿಗೆ ಹೋಯಿತು ಎಂಬುದನ್ನೂ ಬರೆಯಬೇಕು.

ತಿಪಟೂರಿನ ಮಗಳು

ಬರಲಿಲ್ಲ. ಮೂವರು ಸೋದರಮಾವಂದಿರು 1970ರ ದಶಕದಲ್ಲೇ ಭಾಗ ಮಾಡಿಕೊಂಡರು. ಅಮ್ಮ ಕೇಳಲೂ ಇಲ್ಲ. "ನನಗೆ ಅಪ್ಪ ಅಕ್ಷರ ಕೊಟ್ಟಿದ್ದಾರೆ, ಅದರಲ್ಲಿ ಯಾರಿಗೂ ಭಾಗ ಕೊಡಬೇಕಾಗಿಲ್ಲ" ಎನ್ನುತ್ತಿದ್ದರು. ಆದರೆ ಪ್ರತಿ ವರ್ಷ ಸುಗ್ಗಿಯಲ್ಲಿ ತವರಿಗೆ ಹೋದಾಗ ಮೊದಲು ಮನೆಯೊಳಗೆ ಹೋಗದೆ ಹೊಲದ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು.

ಬೆಂಗಳೂರು ದಕ್ಷಿಣ

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು ಇದೆಯಲ್ಲ, ಆಗಲಾದರೂ ಕೇಳಬಹುದಿತ್ತು.

ಕಾನೂನು ಓದಿದವನು

ಅಷ್ಟು ಸುಲಭವಲ್ಲ. ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂದಿತ್ತು, ಆದರೆ ಅದಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಷರತ್ತನ್ನು ತೆಗೆದರೂ, 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಮುಗಿದ ವಿಭಾಗಗಳನ್ನು ಮುಟ್ಟುವುದಿಲ್ಲ. ಅಂದರೆ ಇವರ ಅಮ್ಮನ ತಲೆಮಾರಿನ ಬಹುತೇಕ ಹೆಣ್ಣುಮಕ್ಕಳಿಗೆ ಕಾನೂನು ಬಂದದ್ದು ಭಾಗವಾಗಿ ಮುಗಿದ ಮೇಲೆಯೇ. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯೊಂದು ಬಂದಿತ್ತು, ಅಂದರೆ ಈ ತಾಯಿ ಹುಟ್ಟುವ ಮೊದಲೇ. ಹಳ್ಳಿಯ ಕಣದವರೆಗೆ ಆ ಕಾಯ್ದೆ ನಡೆದುಬರಲಿಲ್ಲ ಎಂಬುದೇ ನನ್ನ ಸಂಕಟ.

ಮಲೆನಾಡಿನವಳು

ನಾವು ಮೂಲ ಪ್ರಶ್ನೆಯಿಂದ ದೂರ ಸರಿಯುತ್ತಿದ್ದೇವೆ ಎನ್ನಿಸುತ್ತದೆ. ಆ ಅಕ್ಕನ ಅಭಿಪ್ರಾಯವೇನು ಎಂದು ಯಾರಾದರೂ ಕೇಳಿದಿರಾ? ನಾನು ಮೊದಲು ಬರೆಯಬೇಡಿ ಎಂದೆ, ಈಗ ಯೋಚಿಸಿದರೆ ಅದನ್ನು ಹೇಳಬೇಕಾದವರು ನಾನೂ ಅಲ್ಲ, ನಿಮ್ಮ ತಮ್ಮನೂ ಅಲ್ಲ.

ಹಾವೇರಿಯಿಂದ

ಇದು ಸರಿಯಾದ ಮಾತು. ಇನ್ನೊಂದು ಪ್ರಶ್ನೆ: ಆ ಮೂರು ತಿಂಗಳ ಕೂಸು ಯಾರು?

ತಿಪಟೂರಿನ ಮಗಳು

ಆ ಕೂಸು ನನ್ನ ತಮ್ಮನೇ. ಬರೆಯುವುದು ಬೇಡ ಎನ್ನುತ್ತಿರುವವನೂ ಅವನೇ. ಅಕ್ಕನಿಗೆ ಇಂದು ರಾತ್ರಿ ಫೋನ್ ಮಾಡುತ್ತೇನೆ.

ಹಳೆಯ ವಿದ್ಯಾರ್ಥಿ

ಅಕ್ಕನ ಉತ್ತರ ಬರುವವರೆಗೆ ಒಂದು ವಿಷಯ ಕೇಳುತ್ತೇನೆ. 1957ರಲ್ಲಿ ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ ನೂರು ನಯಾಪೈಸೆ ಬಂದಾಗ ಹಳ್ಳಿಯವರಿಗೆ ಲೆಕ್ಕ ಹೇಳಿಕೊಟ್ಟವರು ಶಾಲೆಯವರೇ ಎಂದು ನನ್ನ ತಂದೆ ಹೇಳುತ್ತಿದ್ದರು. ನಿಮ್ಮ ಅಮ್ಮ ಆ ಬಗ್ಗೆ ಏನಾದರೂ ಹೇಳಿದ್ದರೇ?

ತಿಪಟೂರಿನ ಮಗಳು

ಹೇಳಿದ್ದರು, ಅದು ಅವರಿಗೆ ಬಹಳ ಇಷ್ಟದ ಕಥೆ. ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂದು ಶಾಲೆಯ ಹೊರಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದರಂತೆ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸರು ಒಂದೊಂದೇ ಕಟ್ಟನ್ನು ಒಂದಾಣೆಗೆ ಮಾರಿ ಆರಾರು ಪೈಸೆ ತೆಗೆದುಕೊಂಡರೆ ನಾಲ್ಕು ಕಟ್ಟಿಗೆ ಇಪ್ಪತ್ನಾಲ್ಕೇ ಬರುತ್ತದೆ, ಒಂದು ಪೈಸೆ ನಷ್ಟ. "ನಾಲ್ಕು ಕಟ್ಟು ಕೊಂಡವರ ಹತ್ತಿರ ಒಟ್ಟು ಲೆಕ್ಕ ಹಾಕಿ ಇಪ್ಪತ್ತೈದು ಕೇಳಿ" ಎಂದು ಸಂತೆಯಲ್ಲಿ ಒಬ್ಬೊಬ್ಬರ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಹೇಳಿಕೊಟ್ಟರಂತೆ. ಆಗ ಅಕ್ಕ ಅಮ್ಮನ ಹೊಟ್ಟೆಯಲ್ಲಿದ್ದಳು. ಆ ಹೆಂಗಸರೇ ಮುಂದೆ ಬಾಣಂತನಕ್ಕೆ ಸಬ್ಬಸಿಗೆ ಸೊಪ್ಪು ತಂದುಕೊಟ್ಟರಂತೆ.

ಬೆಂಗಳೂರು ದಕ್ಷಿಣ

ಪುಸ್ತಿಕೆಯಲ್ಲಿ ಅಮ್ಮ "ಕರ್ನಾಟಕ ಸರ್ಕಾರದ ಸೇವೆಗೆ 1954ರಲ್ಲಿ ಸೇರಿದರು" ಎಂದು ಬರೆಯಬೇಡಿ. ಆಗ ಅದು ಮೈಸೂರು ರಾಜ್ಯ. 1956ರ ನವೆಂಬರ್ 1ರಂದು ಏಕೀಕರಣವಾಯಿತು, ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಇಂಥ ತಪ್ಪುಗಳು ನೆನಪಿನ ಪುಸ್ತಿಕೆಗಳಲ್ಲಿ ಬಹಳ ಕಾಣುತ್ತವೆ.

ತಿಪಟೂರಿನ ಮಗಳು

ಧನ್ಯವಾದಗಳು, ನಮ್ಮ ಕರಡಿನಲ್ಲಿ ಅದೇ ತಪ್ಪು ಇತ್ತು. ತಿದ್ದಿದ್ದೇನೆ.

ಅಕ್ಕನೊಂದಿಗೆ ನಿನ್ನೆ ರಾತ್ರಿ ಒಂದೂವರೆ ಗಂಟೆ ಮಾತನಾಡಿದೆ. ಅವಳು ಹೇಳಿದ್ದನ್ನು ಆದಷ್ಟು ಅವಳ ಮಾತಿನ ಕ್ರಮದಲ್ಲೇ ಬರೆಯುತ್ತೇನೆ.

ಆ ವರ್ಷ ಪ್ರತಿ ಮಧ್ಯಾಹ್ನ ಅಕ್ಕ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅಮ್ಮ ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ, ಸೆರಗು ಮರೆ ಮಾಡಿಕೊಂಡು ಹಾಲು ಕುಡಿಸುತ್ತಿದ್ದರು. ಆ ಹೊತ್ತಿನಲ್ಲಿ ಅಕ್ಕ ಒಳಗೆ ಹೋಗಿ ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತಿದ್ದಳು. ಒಂದು ದಿನ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ತನ್ನ ಹೆಸರಿನ ಮುಂದೆ ತಿಂಗಳು ಪೂರ್ತಿ "ಗೈ, ಗೈ, ಗೈ" ಎಂದು ಅಮ್ಮನ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಶಾಲೆಯಲ್ಲಿ ಇದ್ದವರು ಅಮ್ಮ ಒಬ್ಬರೇ. ಹಾಜರಿ ಹಾಕಿಕೊಂಡಿದ್ದರೆ ಕೇಳುವವರು ಇರಲಿಲ್ಲ, ವರ್ಷವೂ ಉಳಿಯುತ್ತಿತ್ತು.

ಅಕ್ಕ ಅತ್ತುಕೊಂಡು ಹೊರಗೆ ಬಂದು ಕೇಳಿದಳಂತೆ. ಅಮ್ಮ, "ಬೇರೆಯವರ ಮಗಳು ಬಾರದಿದ್ದರೆ ಗೈರು ಎಂದು ಬರೆದು ಅವರ ಮನೆಗೆ ಹೋಗಿ ಜಗಳವಾಡುತ್ತೇನೆ. ನನ್ನ ಮಗಳಿಗೆ ಹಾಜರಿ ಬರೆದರೆ ನಾಳೆ ಯಾವ ಮುಖ ಇಟ್ಟುಕೊಂಡು ಹೋಗಲಿ?" ಎಂದರಂತೆ. ಹಾಗೆಂದವರೇ ಕೂಸನ್ನು ತಿರುಗಿಸಿ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು, "ತಪ್ಪು ನನ್ನದು, ನಿನ್ನದಲ್ಲ" ಎಂದರಂತೆ. ಆ ರಾತ್ರಿಯಿಂದ ಲಾಂದ್ರದ ಮುಂದೆ ಅಂದಂದಿನ ಪಾಠವನ್ನು ಅಂದಂದೇ ಅಕ್ಕನಿಗೆ ಹೇಳಿಕೊಡತೊಡಗಿದರು. ಅಕ್ಕ ಮರುವರ್ಷ ಮತ್ತೆ ನಾಲ್ಕನೆಯಲ್ಲೇ ಕುಳಿತು, ಆಮೇಲೆ ಮುಂದೆ ಓದಿ, ಟಿ.ಸಿ.ಎಚ್. ಎಂಬ ಶಿಕ್ಷಕ ತರಬೇತಿ ಮಾಡಿ ಶಿಕ್ಷಕಿಯೇ ಆದಳು.

"ಒಂದು ವರ್ಷ ಹಿಂದೆ ಬಿದ್ದೆ ಎನ್ನುವ ನೋವು ಹೋಗಿಲ್ಲ, ಅದನ್ನೂ ಬರೆ" ಎಂದು ಅಕ್ಕ ಹೇಳಿದ್ದಾಳೆ. "ಅಮ್ಮ ತಪ್ಪು ಮಾಡಿದರು, ಆದರೆ ತಪ್ಪನ್ನು ಪುಸ್ತಕದಲ್ಲಿ ಮುಚ್ಚಲಿಲ್ಲ. ನೀವೇಕೆ ಮುಚ್ಚುತ್ತೀರಿ?" ಎಂದು ಕೇಳಿದಳು.

ಮಲೆನಾಡಿನವಳು

ನನ್ನ ಮೊದಲ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳುತ್ತೇನೆ. ದಯವಿಟ್ಟು ಬರೆಯಿರಿ.

ನಿವೃತ್ತ ಮುಖ್ಯಶಿಕ್ಷಕ

ಹಾಜರಿ ಪುಸ್ತಕ ಬರೆದವರಿಗೆ ಗೊತ್ತು, ಆ ಒಂದು ಅಕ್ಷರ ಬರೆಯುವುದು ಎಷ್ಟು ಕಷ್ಟವೆಂದು. ಹಾಜರಿ ಕಡಿಮೆಯಾದರೆ ಮೇಲಿನವರು ಕೇಳುತ್ತಿದ್ದುದು ಶಿಕ್ಷಕರನ್ನೇ. ನಾನಾಗಿದ್ದರೆ ಹಾಜರಿ ಹಾಕಿಬಿಡುತ್ತಿದ್ದೆನೇನೋ. ಆ ತಾಯಿಗೆ ನನ್ನ ಸಾಷ್ಟಾಂಗ ನಮಸ್ಕಾರಗಳು.

ಬೆಂಗಳೂರು ದಕ್ಷಿಣ

ಬರೆಯುವುದು ಸರಿ, ಆದರೆ ಒಂಬತ್ತು ವರ್ಷದ ಹುಡುಗಿಯ ಒಂದು ವರ್ಷಕ್ಕೆ ಅಮ್ಮನ ಪ್ರಾಮಾಣಿಕತೆಯೇ ಪರಿಹಾರವಾಯಿತು ಎಂಬ ಧಾಟಿಯಲ್ಲಿ ಬರೆಯಬೇಡಿ. ಶಿಶುವಿಹಾರವಿಲ್ಲದ ಊರು, ವಾರಕ್ಕೊಮ್ಮೆ ಬರುವ ತಂದೆ, ಜೋಲಿ ಕಟ್ಟಬೇಡಿ ಎಂದ ಅಧಿಕಾರಿ, ಇವರೆಲ್ಲರ ಪಾಲೂ ಅದರಲ್ಲಿ ಇದೆ.

ತಿಪಟೂರಿನ ಮಗಳು

ಈ ಮಾತನ್ನು ನೆನಪಿಟ್ಟುಕೊಳ್ಳುತ್ತೇನೆ. ಅಪ್ಪನ ಬಗ್ಗೆ ಅಕ್ಕನೂ ಇದನ್ನೇ ಹೇಳಿದಳು.

ತಮ್ಮನಿಗೆ ಈ ಚರ್ಚೆಯನ್ನು ಕಳುಹಿಸಿದ್ದೆ. ಎರಡು ದಿನ ಅವನು ಏನೂ ಹೇಳಲಿಲ್ಲ. ಇಂದು ಬೆಳಿಗ್ಗೆ ಆ ಪುಟವನ್ನು ತಾನೇ ಬರೆಯುತ್ತೇನೆ ಎಂದು ಹೇಳಿ ಹತ್ತು ಸಾಲು ಬರೆದು ಕಳುಹಿಸಿದ್ದಾನೆ. "ನನ್ನನ್ನು ಎತ್ತಿಕೊಂಡು ಅಕ್ಕ ದಿನವೂ ಶಾಲೆಯ ಜಗಲಿಯವರೆಗೆ ಬರುತ್ತಿದ್ದಳು" ಎಂದು ಮೊದಲ ಸಾಲು. ಇಸವಿಯನ್ನು 1967 ಎಂದು ಬರೆದಿದ್ದಾನೆ, ಅದನ್ನು 1966 ಎಂದು ತಿದ್ದಬೇಕು. ಉಳಿದದ್ದನ್ನು ಹಾಗೆಯೇ ಅಚ್ಚಿಗೆ ಕೊಡುತ್ತೇನೆ.